ಗಡಿಯಾರ ಯಾರ ಕೈಯಲ್ಲಿರಬೇಕು: ಸಿಮ್ಯುಲಿಂಕ್ ಮತ್ತು ಗಜೀಬೊ ಜೋಡಿಸಿದ ಅನುಭವ

ಎರಡು ಚಕ್ರಗಳ ಮೇಲೆ ನೆಟ್ಟಗೆ ನಿಲ್ಲಬೇಕಾದ ಒಂದು ಪುಟ್ಟ ರೋಬೋಟ್‌ಗಾಗಿ ನಾನು ಸಿಮ್ಯುಲಿಂಕ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ನಿಯಂತ್ರಕವೊಂದನ್ನು, ಅಂದರೆ ಸೆನ್ಸರ್‌ಗಳ ಅಳತೆ ನೋಡಿ ಮೋಟಾರ್‌ಗೆ ಆದೇಶ ಕೊಡುವ ಲೆಕ್ಕವನ್ನು, ವಿನ್ಯಾಸ ಮಾಡಿದ್ದೆ. ಎಲ್‌ಕ್ಯೂಆರ್ ಎಂಬ ವಿನ್ಯಾಸ ವಿಧಾನದಿಂದ ಗೇನ್‌ಗಳನ್ನು (ಅಳತೆ ಎಷ್ಟಿದ್ದರೆ ಆದೇಶ ಎಷ್ಟಿರಬೇಕೆಂದು ಹೇಳುವ ಗುಣಕಗಳನ್ನು) ಲೆಕ್ಕ ಹಾಕಿ, ರೋಬೋಟನ್ನು 5 ಡಿಗ್ರಿ ವಾಲಿಸಿ ಬಿಟ್ಟರೆ ಅದು ಒಂದು ಸೆಕೆಂಡಿನೊಳಗೆ ನೆಟ್ಟಗಾಗುವುದನ್ನು ಗ್ರಾಫ್‌ನಲ್ಲಿ ನೋಡಿಕೊಂಡ ಮೇಲೆ, ಅದೇ ಗೇನ್‌ಗಳನ್ನು ಗಜೀಬೊ ಸಿಮ್ಯುಲೇಟರ್‌ನಲ್ಲಿ ಕಟ್ಟಿಟ್ಟಿದ್ದ ಅದೇ ರೋಬೋಟ್‌ಗೆ ಜೋಡಿಸಿದೆ. ಮೊದಲ ಸಲ ಅದು ನಡುಗುತ್ತ ನಿಂತಿತು. ಏನನ್ನೂ ಬದಲಿಸದೆ ಎರಡನೆಯ ಸಲ ಓಡಿಸಿದಾಗ ಎರಡು ಸೆಕೆಂಡಿನಲ್ಲಿ ಮುಗ್ಗರಿಸಿತು. ಮೂರನೆಯ ಸಲ ಮತ್ತೆ ನಿಂತಿತು.

ಅದು ಬಿದ್ದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ವ್ಯತ್ಯಾಸ. ಆರಂಭದ ಸ್ಥಿತಿ ಒಂದೇ, ಗೇನ್‌ಗಳು ಒಂದೇ, ಸೆನ್ಸರ್‌ಗಳಿಗೆ ಕೃತಕ ಗದ್ದಲವನ್ನೂ ಸೇರಿಸಿರಲಿಲ್ಲ. ಹಾಗಿದ್ದೂ ಫಲಿತಾಂಶ ಪ್ರತಿ ಸಲ ಬೇರೆಯಾಗುತ್ತಿದ್ದರೆ, ನನ್ನ ಸಮೀಕರಣಗಳಲ್ಲಿ ಇಲ್ಲದ ಯಾವುದೋ ಒಂದು ಸಂಗತಿ ಈ ಎರಡು ತಂತ್ರಾಂಶಗಳ ನಡುವೆ ಸೇರಿಕೊಂಡಿದೆ ಎಂದೇ ಅರ್ಥ. ಆ ಸಂಗತಿ ಕಾಲವೇ ಎಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಇಂಥ ಜೋಡಣೆಗೆ ಕೈಹಾಕುವ ಇನ್ನೊಬ್ಬರಿಗೆ ಆ ಎರಡು ವಾರ ಉಳಿಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಎರಡು ತಂತ್ರಾಂಶಗಳು ಏಕೆ ಬೇಕು ಎಂಬ ಪ್ರಶ್ನೆ ಸಹಜವಾದದ್ದು. ಸಿಮ್ಯುಲಿಂಕ್‌ನಂಥ ವಿನ್ಯಾಸ ತಂತ್ರಾಂಶದಲ್ಲಿ ವ್ಯವಸ್ಥೆಯನ್ನು ಒಂದು ಬಿಂದುವಿನ ಸುತ್ತ ಲೀನಿಯರ್ ಮಾಡಬಹುದು (ಸರಳ ರೇಖೆಯ ಸಮೀಕರಣಗಳಿಗೆ ಇಳಿಸಬಹುದು), ವ್ಯವಸ್ಥೆ ಸ್ಥಿರವೇ ಎಂದು ಹೇಳುವ ಪೋಲ್‌ಗಳು ಎಲ್ಲಿವೆ ಎಂದು ನೋಡಬಹುದು, ಬೋಡೆ ನಕ್ಷೆ ಎಂಬ ಆವರ್ತನದ ಗ್ರಾಫ್ ಬಿಡಿಸಿ ಅಸ್ಥಿರವಾಗುವುದಕ್ಕೆ ಇನ್ನೂ ಎಷ್ಟು ಮಾರ್ಜಿನ್ (ಅಂತರ) ಉಳಿದಿದೆ ಎಂದು ಅಳೆಯಬಹುದು. ಆದರೆ ಚಕ್ರ ನೆಲಕ್ಕೆ ತಾಗುವುದು, ಜಾರುವುದು, ಹೊಸ್ತಿಲಿಗೆ ಬಡಿದು ಪುಟಿಯುವುದು, ಲೇಸರ್ ಸೆನ್ಸರ್‌ಗೆ ಗೋಡೆ ಕಾಣುವುದು ಇವನ್ನೆಲ್ಲ ಸಮೀಕರಣಗಳಾಗಿ ಕೈಯಾರೆ ಬರೆಯಲು ಹೊರಟರೆ ನಿಯಂತ್ರಕದ ಕೆಲಸ ಆರಂಭವಾಗುವುದೇ ಇಲ್ಲ. ಗಜೀಬೊ ಹುಟ್ಟಿದ್ದೇ ಅದಕ್ಕಾಗಿ. 2002ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಹೋವರ್ಡ್ ಮತ್ತು ನೇಟ್ ಕೋನಿಗ್ ಆರಂಭಿಸಿದ ಈ ಸಿಮ್ಯುಲೇಟರ್, 2013ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ವರ್ಚುವಲ್ ರೋಬೋಟಿಕ್ಸ್ ಚಾಲೆಂಜ್‌ಗೆ ವೇದಿಕೆಯಾಯಿತು. ಅಲ್ಲಿ ತಂಡಗಳು ಅಟ್ಲಾಸ್ ಎಂಬ ಮನುಷ್ಯಾಕಾರದ ರೋಬೋಟನ್ನು ಸಿಮ್ಯುಲೇಟರ್‌ನೊಳಗೇ ನಡೆಸಬೇಕಾಗಿತ್ತು. ಅದರೊಳಗಿನ ಭೌತ ಎಂಜಿನ್ ಸಂಪರ್ಕ ಮತ್ತು ಘರ್ಷಣೆಗಳನ್ನು ಲೆಕ್ಕ ಹಾಕುತ್ತದೆ, ಆದರೆ ಆ ರೋಬೋಟ್‌ಗೆ ಎಂಥ ನಿಯಂತ್ರಕ ಒಳ್ಳೆಯದು ಎಂದು ಹೇಳುವುದು ಅದರ ಕೆಲಸವಲ್ಲ.

ಈ ಎರಡೂ ಕಾಲವನ್ನು ನೋಡುವ ಬಗೆಯೇ ಬೇರೆ, ತೊಡಕಿನ ಮೂಲವೂ ಅಲ್ಲಿಯೇ ಇದೆ. ಸಿಮ್ಯುಲಿಂಕ್‌ನಲ್ಲಿ ನಾನು ಯೋಚಿಸದೆ ಬಳಸುತ್ತಿದ್ದ ಓಡಿಇ45 ಎಂಬ, ಸಮೀಕರಣ ಬಿಡಿಸುವ ವಿಧಾನದ ಕಾಲದ ಹೆಜ್ಜೆ ಸ್ಥಿರವಾದದ್ದಲ್ಲ. ಅದು ಒಂದು ಹೆಜ್ಜೆ ಇಟ್ಟು ನೋಡಿ, ದೋಷ ಮಿತಿ ಮೀರಿದೆ ಎನಿಸಿದರೆ ಆ ಹೆಜ್ಜೆಯನ್ನು ಹಿಂತೆಗೆದುಕೊಂಡು ಇನ್ನೂ ಚಿಕ್ಕದೊಂದನ್ನು ಇಡುತ್ತದೆ. ಗಜೀಬೊ ಹಾಗಲ್ಲ. ಅದರ ಮೂಲ ಹೊಂದಿಕೆಯಲ್ಲಿ ಪ್ರತಿ ಹೆಜ್ಜೆಯೂ 1 ಮಿಲಿಸೆಕೆಂಡ್, ಮತ್ತು ಇಟ್ಟ ಹೆಜ್ಜೆ ಇಟ್ಟದ್ದೇ. ಚಕ್ರ ನೆಲಕ್ಕೆ ಬಡಿದು ವೇಗ ಬದಲಾದ ಮೇಲೆ, ಕ್ಷಮಿಸಿ, ಅರ್ಧ ಹೆಜ್ಜೆ ಹಿಂದಕ್ಕೆ ಹೋಗೋಣ ಎಂದು ಇನ್ನೊಂದು ತಂತ್ರಾಂಶ ಕೇಳಿದರೆ ಅದು ಒಪ್ಪುವಂತಿಲ್ಲ. ಆದ್ದರಿಂದ ಇವೆರಡರ ಗಡಿಯಲ್ಲಿ ಸಿಗ್ನಲ್‌ಗಳು ನಿರಂತರವಾಗಿ ಹರಿಯುತ್ತವೆ ಎಂಬ ಕಲ್ಪನೆಯನ್ನು ಮೊದಲೇ ಬಿಡಬೇಕು. ಗಡಿಯಲ್ಲಿ ನಡೆಯುವುದು ನಿಗದಿತ ಕ್ಷಣಗಳಲ್ಲಿ ಕೊಡುಕೊಳ್ಳುವಿಕೆ ಮಾತ್ರ. ಎರಡು ಕ್ಷಣಗಳ ನಡುವೆ ಮೋಟಾರ್‌ಗೆ ಹೋಗುವ ಆದೇಶ ಬದಲಾಗದೆ ಹಿಡಿದಿಟ್ಟ ಮೌಲ್ಯವಾಗಿಯೇ ಇರುತ್ತದೆ.

ನನ್ನ ಮೊದಲ ಜೋಡಣೆ ರೋಬೋಟ್ ಆಪರೇಟಿಂಗ್ ಸಿಸ್ಟಮ್, ಅಂದರೆ ಎಲ್ಲರೂ ರಾಸ್ ಎಂದು ಕರೆಯುವ, ರೋಬೋಟ್‌ನ ಪ್ರೋಗ್ರಾಮ್‌ಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆಯ ಮೂಲಕ ಆಗಿತ್ತು. ಗಜೀಬೊ ವಾಲುಕೋನವನ್ನೂ ಚಕ್ರದ ವೇಗವನ್ನೂ ಒಂದು ಟಾಪಿಕ್‌ನಲ್ಲಿ, ಅಂದರೆ ಹೆಸರಿಟ್ಟ ಸಂದೇಶ ವಾಹಿನಿಯಲ್ಲಿ, ಪ್ರಕಟಿಸುತ್ತಿತ್ತು. ಸಿಮ್ಯುಲಿಂಕ್ ಅದನ್ನು ಓದಿ, ಟಾರ್ಕ್ (ತಿರುಗಿಸುವ ಬಲ) ಎಷ್ಟಿರಬೇಕೆಂದು ಲೆಕ್ಕ ಹಾಕಿ, ಇನ್ನೊಂದು ಟಾಪಿಕ್‌ನಲ್ಲಿ ಹಿಂದಿರುಗಿಸುತ್ತಿತ್ತು. ಅರ್ಧ ದಿನದಲ್ಲಿ ಈ ಕೆಲಸ ಮುಗಿಯಿತು, ಸಂದೇಶಗಳು ಅತ್ತಿತ್ತ ಓಡಾಡುವುದನ್ನು ಕಂಡು ಜೋಡಣೆ ಮುಗಿಯಿತೆಂದೇ ನಾನು ಭಾವಿಸಿದೆ. ವಾಸ್ತವದಲ್ಲಿ ಅಲ್ಲಿ ಇಬ್ಬರು ತಂತಮ್ಮ ಗಡಿಯಾರ ನೋಡಿಕೊಂಡು ನಡೆಯುತ್ತಿದ್ದರು. ಗಜೀಬೊ ಸೆಕೆಂಡಿಗೆ 1000 ಹೆಜ್ಜೆಗಳ ತನ್ನ ಗುರಿಯನ್ನು ಬೆನ್ನಟ್ಟುತ್ತಿತ್ತು, ಸಿಮ್ಯುಲಿಂಕ್ ಕಂಪ್ಯೂಟರ್ ಬಿಟ್ಟುಕೊಟ್ಟಷ್ಟು ವೇಗದಲ್ಲಿ ತನ್ನ ಮಾದರಿಯನ್ನು ಓಡಿಸುತ್ತಿತ್ತು, ನಡುವಿನ ಸಂದೇಶ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಮ್ ಯಾವಾಗ ಅವಕಾಶ ಕೊಟ್ಟರೆ ಆಗ ತಲುಪುತ್ತಿತ್ತು. ಸಿಮ್ಯುಲಿಂಕ್ ಲೆಕ್ಕ ಹಾಕುವಾಗ ಗಜೀಬೊ ಕಾಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ರೋಬೋಟ್ ಹಳೆಯ ಆದೇಶದ ಮೇಲೆಯೇ ವಾಲುತ್ತ ಹೋಗುತ್ತಿತ್ತು.

ಇದನ್ನು ಊಹೆಯಲ್ಲಿ ಬಿಡದೆ ಅಳೆಯುವುದಕ್ಕೆ ಸರಳವಾದ ಒಂದು ಉಪಾಯವಿದೆ, ಮತ್ತು ಯಾವ ಜೋಡಣೆಯಾದರೂ ಮೊದಲು ಮಾಡಬೇಕಾದದ್ದು ಇದೇ ಎಂದು ಈಗ ನನಗೆ ಅನಿಸುತ್ತದೆ. ನಿಯಂತ್ರಕವನ್ನು ಬದಿಗಿಟ್ಟು, ಸಿಮ್ಯುಲಿಂಕ್‌ನಿಂದ ಪ್ರತಿ ಹೆಜ್ಜೆಯಲ್ಲಿ ಒಂದೊಂದು ಹೆಚ್ಚುವ ಎಣಿಕೆಯನ್ನು ಕಳಿಸಬೇಕು, ಗಜೀಬೊ ಬದಿಯಲ್ಲಿ ಅದನ್ನು ಏನೂ ಮಾಡದೆ ಹಾಗೆಯೇ ಹಿಂದಿರುಗಿಸಬೇಕು, ಹೊರಟ ಎಣಿಕೆಗೂ ಮರಳಿದ ಎಣಿಕೆಗೂ ಇರುವ ಅಂತರವನ್ನು ಸಿಮ್ಯುಲೇಷನ್ ಕಾಲದಲ್ಲಿ ಬರೆದುಕೊಳ್ಳಬೇಕು. ನನ್ನ ಜೋಡಣೆಯಲ್ಲಿ ಆ ಅಂತರ 20ರಿಂದ 50 ಮಿಲಿಸೆಕೆಂಡ್‌ಗಳ ನಡುವೆ ಓಲಾಡುತ್ತಿತ್ತು.

ಈ ಸಂಖ್ಯೆಗಳನ್ನು ವಿನ್ಯಾಸದ ಪಕ್ಕದಲ್ಲಿ ಇಟ್ಟು ನೋಡಿದಾಗ ಎಲ್ಲವೂ ಸ್ಪಷ್ಟವಾಯಿತು. ವಿಳಂಬವು ಸಿಗ್ನಲ್‌ನ ಗಾತ್ರವನ್ನು ಬದಲಿಸುವುದಿಲ್ಲ, ಫೇಸ್ ಅನ್ನು (ಅಲೆಯು ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಕೋನವನ್ನು) ಮಾತ್ರ ತಿನ್ನುತ್ತದೆ. ತಿನ್ನುವ ಪ್ರಮಾಣ, ಆವರ್ತನವನ್ನು ವಿಳಂಬದಿಂದ ಗುಣಿಸಿದಷ್ಟು ರೇಡಿಯನ್. ಅಳತೆಯಿಂದ ಆದೇಶಕ್ಕೆ, ಆದೇಶದಿಂದ ಮತ್ತೆ ಅಳತೆಗೆ ಸುತ್ತುವ ನನ್ನ ಲೂಪ್‌ನ ಗೇನ್ 1ಕ್ಕೆ ಇಳಿಯುವ ಆವರ್ತನ ಸೆಕೆಂಡಿಗೆ 25 ರೇಡಿಯನ್ ಆಗಿತ್ತು. ಅಲ್ಲಿ 20 ಮಿಲಿಸೆಕೆಂಡ್ ವಿಳಂಬಕ್ಕೆ 0.5 ರೇಡಿಯನ್, ಅಂದರೆ ಸುಮಾರು 29 ಡಿಗ್ರಿ ನಷ್ಟವಾಗುತ್ತದೆ. 50 ಮಿಲಿಸೆಕೆಂಡ್‌ಗೆ 1.25 ರೇಡಿಯನ್, ಅಂದರೆ ಸುಮಾರು 72 ಡಿಗ್ರಿ. ಎಲ್ಲ ಸ್ಥಿತಿಗಳನ್ನೂ ಅಳೆದು ಮರಳಿಸುವ, ಒಂದೇ ಇನ್‌ಪುಟ್ ಇರುವ ನಿರಂತರ ಎಲ್‌ಕ್ಯೂಆರ್ ವಿನ್ಯಾಸವು ಕನಿಷ್ಠ 60 ಡಿಗ್ರಿ ಫೇಸ್ ಮಾರ್ಜಿನ್‌ನ, ಅಂದರೆ ಅಸ್ಥಿರವಾಗುವ ಮುನ್ನ ತಡೆದುಕೊಳ್ಳಬಲ್ಲ ಫೇಸ್ ನಷ್ಟದ, ಭರವಸೆ ಕೊಡುತ್ತದೆ, ನನ್ನದರಲ್ಲಿ 62 ಡಿಗ್ರಿ ಇತ್ತು. ಅಂದರೆ ಸುಮಾರು 43 ಮಿಲಿಸೆಕೆಂಡ್‌ವರೆಗಿನ ವಿಳಂಬವನ್ನು ಅದು ತಡೆದುಕೊಳ್ಳುತ್ತದೆ, ಅದರಾಚೆಗೆ ಇಲ್ಲ. ನನ್ನ ರೋಬೋಟ್ ಒಮ್ಮೆ ನಿಂತು ಒಮ್ಮೆ ಬೀಳುತ್ತಿದ್ದುದು, ವಿಳಂಬವು ಆ ಗೆರೆಯ ಈಚೆಗೂ ಆಚೆಗೂ ಅಡ್ಡಾಡುತ್ತಿದ್ದುದರಿಂದಲೇ. ಗೇನ್‌ಗಳಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಆ ಎರಡು ವಾರಗಳಲ್ಲಿ ನಾನು ತಿದ್ದುತ್ತಿದ್ದುದು ಗೇನ್‌ಗಳನ್ನು ಮಾತ್ರ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಬರೀ ವಿಳಂಬವಾಗಿದ್ದರೆ ಅದನ್ನು ವಿನ್ಯಾಸದಲ್ಲಿ ಸೇರಿಸಿಕೊಂಡು ಬಗೆಹರಿಸಬಹುದು. ಪ್ರತಿ ಸಲ ಬದಲಾಗುವ ವಿಳಂಬಕ್ಕೆ ಆ ದಾರಿಯೂ ಇಲ್ಲ. ಮೇಲಾಗಿ ಅದು ರೋಬೋಟ್‌ನ ಗುಣವಲ್ಲ, ನನ್ನ ಕಂಪ್ಯೂಟರ್‌ನಲ್ಲಿ ಆ ಹೊತ್ತಿಗೆ ಇನ್ನೇನು ಓಡುತ್ತಿತ್ತು ಎಂಬುದರ ಗುಣ. ಅದನ್ನು ಇಟ್ಟುಕೊಂಡು ನಿಯಂತ್ರಕದ ಬಗ್ಗೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಪರಿಹಾರವೆಂದರೆ ಗಡಿಯಾರವನ್ನು ಒಬ್ಬರ ಕೈಗೆ ಕೊಡುವುದು. ಒಬ್ಬರು ಮುಂದಿನ ಹೆಜ್ಜೆಗೆ ಅನುಮತಿ ಕೊಡುವವರೆಗೆ ಇನ್ನೊಬ್ಬರು ಅಲ್ಲಾಡಬಾರದು. ಸಿಮ್ಯುಲಿಂಕ್‌ನ ಮಾತೃ ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನ ರೋಬೋಟಿಕ್ಸ್ ಸಿಸ್ಟಮ್ ಟೂಲ್‌ಬಾಕ್ಸ್‌ನಲ್ಲಿ 2019ರ ಎರಡನೆಯ ಆವೃತ್ತಿಯಿಂದ ಇದಕ್ಕೆಂದೇ ಬ್ಲಾಕ್‌ಗಳಿವೆ. ಗಜೀಬೊ ಇರುವ ಯಂತ್ರದಲ್ಲಿ ಈ ಟೂಲ್‌ಬಾಕ್ಸ್ ಕೊಡುವ ಪ್ಲಗಿನ್ (ಒಳಗೆ ಸೇರಿಸುವ ಪುಟ್ಟ ತಂತ್ರಾಂಶ) ಅನ್ನು ಕಂಪೈಲ್ ಮಾಡಿ, ಸಿಮ್ಯುಲೇಷನ್‌ನ ಜಗತ್ತಿನ ಕಡತದಲ್ಲಿ ಅದರ ಹೆಸರನ್ನು ಸೇರಿಸಬೇಕು. ಸಿಮ್ಯುಲಿಂಕ್ ಮಾದರಿಯಲ್ಲಿ ಗಜೀಬೊ ಪೇಸರ್ ಎಂಬ ಬ್ಲಾಕನ್ನು ಇಟ್ಟರೆ, ಅದು ಪ್ರತಿ ಸ್ಯಾಂಪಲ್‌ಗೆ (ನಿಯಂತ್ರಕ ಅಳತೆ ಓದಿ ಆದೇಶ ಕೊಡುವ ಒಂದು ಸುತ್ತಿಗೆ) ಗಜೀಬೊವನ್ನು ಅಷ್ಟೇ ಕಾಲ ಮುಂದಕ್ಕೆ ನಡೆಸಿ ನಿಲ್ಲಿಸುತ್ತದೆ. ನನ್ನ ನಿಯಂತ್ರಕದ ಸ್ಯಾಂಪಲ್ 5 ಮಿಲಿಸೆಕೆಂಡ್, ಹಾಗಾಗಿ ಒಂದು ಕೊಡುಕೊಳ್ಳುವಿಕೆಗೆ ಗಜೀಬೊ ಐದು ಹೆಜ್ಜೆ ಇಟ್ಟು ಕಾಯುತ್ತದೆ. ನಿಯಂತ್ರಕದ ಸ್ಯಾಂಪಲ್ ಕಾಲವು ಭೌತ ಎಂಜಿನ್‌ನ ಹೆಜ್ಜೆಯ ಪೂರ್ಣ ಗುಣಕವಾಗಿರುವಂತೆ ನೋಡಿಕೊಳ್ಳುವುದು ಒಳ್ಳೆಯದು. 1 ಮಿಲಿಸೆಕೆಂಡಿನ ಹೆಜ್ಜೆಯ ಮೇಲೆ 2.5 ಮಿಲಿಸೆಕೆಂಡಿನ ಸ್ಯಾಂಪಲ್ ಇಟ್ಟರೆ ಒಂದೊಂದು ಸಲ ಎರಡು, ಒಂದೊಂದು ಸಲ ಮೂರು ಹೆಜ್ಜೆಯಾಗಿ, ಹೊರಹಾಕಿದ ಅನಿಶ್ಚಿತತೆ ಸಣ್ಣ ರೂಪದಲ್ಲಿ ಮತ್ತೆ ಒಳಗೆ ಬರುತ್ತದೆ.

ರಾಸ್ ಮೂಲಕವೇ ಹೋಗಬೇಕಾದ ಸಂದರ್ಭಗಳೂ ಇವೆ. ಆಗ ಗಜೀಬೊ ಪ್ರಕಟಿಸುವ ಕ್ಲಾಕ್ ಟಾಪಿಕ್ ಅನ್ನು ಎಲ್ಲ ನೋಡ್‌ಗಳೂ (ರಾಸ್‌ನ ಪ್ರೋಗ್ರಾಮ್‌ಗಳು) ಅನುಸರಿಸುವಂತೆ ಸಿಮ್ಯುಲೇಷನ್ ಕಾಲ ಬಳಸುವ ಪ್ಯಾರಾಮೀಟರ್ ಅನ್ನು ಹೊಂದಿಸಬಹುದು. ಇದರಿಂದ ಎಲ್ಲರೂ ಒಂದೇ ಗಡಿಯಾರ ನೋಡುತ್ತಾರೆ, ನಿಜ. ಆದರೆ ಒಂದೇ ಗಡಿಯಾರ ನೋಡುವುದು ಬೇರೆ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ಬೇರೆ. ನಿಯಂತ್ರಕದ ಲೆಕ್ಕ ತಡವಾದರೆ ಗಡಿಯಾರ ಅದಕ್ಕಾಗಿ ನಿಲ್ಲುವುದಿಲ್ಲ. ನಿಧಾನವಾಗಿ ಚಲಿಸುವ ಗಾಡಿಗೆ ಅಷ್ಟು ಸಾಕಾಗಬಹುದು. ತಾನಾಗಿ ಬೀಳುವ ಸ್ವಭಾವದ ವ್ಯವಸ್ಥೆಗೆ ಸಾಲದು.

ಹೆಜ್ಜೆಗೆ ಹೆಜ್ಜೆ ಕಾಯುವ ಜೋಡಣೆಯನ್ನು ಹಾಕಿದ ಕೂಡಲೇ ಸಿಮ್ಯುಲಿಂಕ್ ನನಗೊಂದು ಎಚ್ಚರಿಕೆ ತೋರಿಸಿತು: ಮಾದರಿಯಲ್ಲಿ ಆಲ್ಜೀಬ್ರಾಯಿಕ್ ಲೂಪ್ ಇದೆ. ಯೋಚಿಸಿದರೆ ಅದು ನ್ಯಾಯವಾದ ದೂರು. ಇದೇ ಕ್ಷಣದ ಅಳತೆಯಿಂದ ಇದೇ ಕ್ಷಣದ ಆದೇಶ ಬರಬೇಕು, ಇದೇ ಕ್ಷಣದ ಆದೇಶದಿಂದ ಇದೇ ಕ್ಷಣದ ಅಳತೆ ಬರಬೇಕು ಎಂದರೆ ಯಾರು ಮೊದಲು ಲೆಕ್ಕ ಹಾಕುವುದು? ಎಲ್ಲೋ ಒಂದು ಕಡೆ ಒಂದು ಸ್ಯಾಂಪಲ್‌ನ ವಿಳಂಬವನ್ನು ಇಟ್ಟು ಆ ಸುತ್ತನ್ನು ಕಡಿಯಬೇಕಾಗುತ್ತದೆ. ಹೆಚ್ಚಿನವರು ಎಚ್ಚರಿಕೆ ಮಾಯವಾದರೆ ಸಾಕೆಂದು ಕಂಡಲ್ಲಿ ಯೂನಿಟ್ ಡಿಲೇ ಬ್ಲಾಕನ್ನು ಇಡುವುದನ್ನು ನೋಡಿದ್ದೇನೆ, ನಾನೂ ಹಿಂದೆ ಹಾಗೆಯೇ ಮಾಡಿದ್ದೆ. ಈ ಸಲ ಅದನ್ನು ಆದೇಶದ ಬದಿಯಲ್ಲಿ, ಉದ್ದೇಶಪೂರ್ವಕವಾಗಿ ಇಟ್ಟೆ. ನಿಜವಾದ ರೋಬೋಟ್‌ನ ಮೈಕ್ರೋಕಂಟ್ರೋಲರ್‌ನಲ್ಲೂ ಈ ಸುತ್ತಿನಲ್ಲಿ ಓದಿದ ಅಳತೆಯಿಂದ ಲೆಕ್ಕ ಹಾಕಿದ ಟಾರ್ಕ್ ಮುಂದಿನ ಸುತ್ತಿನ ಆರಂಭದಲ್ಲಿ ಮೋಟಾರ್‌ಗೆ ಹೋಗುವಂತೆ ಪ್ರೋಗ್ರಾಮ್ ಬರೆದಿದ್ದೆ. ಆದ್ದರಿಂದ ಆ ವಿಳಂಬವು ಸಿಮ್ಯುಲೇಷನ್‌ಗಾಗಿ ತಂದ ಹೊಂದಾಣಿಕೆಯಾಗಿರಲಿಲ್ಲ, ಯಂತ್ರದಲ್ಲಿ ಇರುವುದನ್ನೇ ಮಾದರಿಯಲ್ಲೂ ತೋರಿಸಿದಂತಾಗಿತ್ತು. ಇದರ ಬೆಲೆಯನ್ನೂ ಲೆಕ್ಕ ಹಾಕಬಹುದು. ಒಂದು ಸ್ಯಾಂಪಲ್‌ನ 5 ಮಿಲಿಸೆಕೆಂಡಿಗೆ ಸುಮಾರು 7.2 ಡಿಗ್ರಿ, ಮೌಲ್ಯವನ್ನು ಹಿಡಿದಿಡುವುದರಿಂದ ಸರಾಸರಿ ಅರ್ಧ ಸ್ಯಾಂಪಲ್‌ಗೆ ಇನ್ನೂ 3.6 ಡಿಗ್ರಿ, ಒಟ್ಟು 10.8 ಡಿಗ್ರಿ. 62ರಲ್ಲಿ 51 ಉಳಿಯುತ್ತದೆ. ಹಿಂದಿನ ಆದೇಶವನ್ನೂ ಒಂದು ಸ್ಥಿತಿಯಾಗಿ ಸೇರಿಸಿಕೊಂಡು ಡಿಸ್ಕ್ರೀಟ್, ಅಂದರೆ ಒಂದೊಂದೇ ಸ್ಯಾಂಪಲ್ ಆಗಿ ಲೆಕ್ಕ ಹಾಕುವ, ಎಲ್‌ಕ್ಯೂಆರ್ ಆಗಿ ಮತ್ತೆ ವಿನ್ಯಾಸ ಮಾಡಿದರೆ ಈ ವಿಳಂಬವೂ ಲೆಕ್ಕದೊಳಗೆ ಬಂದುಬಿಡುತ್ತದೆ.

ಕಾಲದ ವಿಷಯ ಬಗೆಹರಿದ ಮೇಲೆಯೇ ಮಾದರಿಗಳ ನಡುವಿನ ಇತರ ವ್ಯತ್ಯಾಸಗಳು ಕಣ್ಣಿಗೆ ಬಿದ್ದವು; ಅದಕ್ಕೂ ಮುನ್ನ ಆ ಗೊಂದಲದಲ್ಲಿ ಅವು ಮರೆಯಾಗಿದ್ದವು. ಒಂದೇ ರೋಬೋಟ್‌ಗೆ ಎರಡು ವಿವರಣೆಗಳಿರುತ್ತವೆ, ಒಂದು ಸಿಮ್ಯುಲಿಂಕ್‌ನ ಮ್ಯಾಟ್ರಿಕ್ಸ್‌ಗಳಲ್ಲಿ, ಇನ್ನೊಂದು ಗಜೀಬೊದ ಎಸ್‌ಡಿಎಫ್ ಕಡತದಲ್ಲಿ. ಎಸ್‌ಡಿಎಫ್‌ನಲ್ಲಿ ಒಂದು ಭಾಗದ ತೂಕ ಬರೆದು, ಅದು ತಿರುಗುವಾಗಿನ ಜಡತ್ವವನ್ನು ಬರೆಯದೆ ಬಿಟ್ಟರೆ ಮೂರೂ ಅಕ್ಷಗಳಿಗೆ 1 ಎಂಬ ಮೌಲ್ಯ ತಾನಾಗಿ ಕೂಡಿಕೊಳ್ಳುತ್ತದೆ. 0.3 ಕಿಲೋಗ್ರಾಂ ತೂಕದ, 5 ಸೆಂಟಿಮೀಟರ್ ತ್ರಿಜ್ಯದ ನನ್ನ ಚಕ್ರವನ್ನು ಗಟ್ಟಿ ಬಿಲ್ಲೆ ಎಂದುಕೊಂಡರೆ ಅದರ ಜಡತ್ವ 0.000375 ಕಿಲೋಗ್ರಾಂ ಚದರ ಮೀಟರ್. ಅದರ ಜಾಗದಲ್ಲಿ 1 ಕುಳಿತರೆ ಚಕ್ರವು ತಿರುಗಲು ಎರಡೂವರೆ ಸಾವಿರ ಪಟ್ಟಿಗೂ ಹೆಚ್ಚು ಹಟ ಹಿಡಿಯುತ್ತದೆ, ಆದರೆ ಪರದೆಯ ಮೇಲೆ ನೋಡಲು ಹಾಗೆಯೇ ಇರುತ್ತದೆ. ನನ್ನ ಎರಡು ಚಕ್ರಗಳಲ್ಲಿ ಒಂದಕ್ಕೆ ನಾನು ಹೀಗೆ ಮಾಡಿಟ್ಟಿದ್ದೆ. ಕ್ವಾಟರ್ನಿಯನ್ (ವಸ್ತು ಯಾವ ದಿಕ್ಕಿಗೆ ತಿರುಗಿದೆ ಎಂದು ಹೇಳುವ ನಾಲ್ಕು ಸಂಖ್ಯೆಗಳು) ಬರೆಯುವ ಕ್ರಮವೂ ಅಂಥದ್ದೇ: ರಾಸ್ ಸಂದೇಶಗಳಲ್ಲಿ ಸ್ಕೇಲಾರ್ ಭಾಗ ಕೊನೆಗೆ ಬರುತ್ತದೆ, ಮ್ಯಾಟ್‌ಲ್ಯಾಬ್‌ನಲ್ಲಿ ಮೊದಲಿಗೆ. ಅದಲುಬದಲಾದರೂ ನಾಲ್ಕು ಸಂಖ್ಯೆಗಳ ವರ್ಗಗಳ ಮೊತ್ತ 1 ಆಗಿಯೇ ಇರುವುದರಿಂದ ಯಾವ ತಪಾಸಣೆಯೂ ಅದನ್ನು ಹಿಡಿಯುವುದಿಲ್ಲ.

ಹಾಗಾಗಿ ನಿಯಂತ್ರಕವನ್ನು ಹಚ್ಚುವ ಮುನ್ನ ಎರಡೂ ಕಡೆ ಒಂದೇ ಸರಳ ಪ್ರಯೋಗ ಮಾಡಿ ನೋಡುವುದು ನನ್ನ ರೂಢಿಯಾಗಿದೆ. ಒಂದು ಮೀಟರ್ ಉದ್ದದ ಸಮನಾದ ಸರಳನ್ನು ತುದಿಯಿಂದ ನೇತುಹಾಕಿ ಸ್ವಲ್ಪವೇ ಎಳೆದು ಬಿಟ್ಟರೆ ಅದರ ಆಂದೋಲನದ ಅವಧಿ 1.64 ಸೆಕೆಂಡ್ ಇರಬೇಕೆಂದು ಕಾಗದದ ಮೇಲೆಯೇ ಲೆಕ್ಕ ಸಿಗುತ್ತದೆ. ಸಿಮ್ಯುಲಿಂಕ್‌ನಲ್ಲೂ ಗಜೀಬೊದಲ್ಲೂ ಅದೇ ಬರಬೇಕು. ಆಮೇಲೆ ರೋಬೋಟ್‌ನ ದೇಹವನ್ನೇ ತಲೆಕೆಳಗಾಗಿ ಚಕ್ರದ ಅಕ್ಷದಿಂದ ನೇತುಹಾಕಿ ಅದೇ ಹೋಲಿಕೆ ಮಾಡಬೇಕು. ಅವಧಿ ಹೊಂದಿದರೆ ತೂಕ, ಗುರುತ್ವ ಕೇಂದ್ರ, ಜಡತ್ವ ಇವುಗಳ ನಡುವಿನ ಅನುಪಾತ ಎರಡೂ ಕಡೆ ಒಂದೇ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಬೀಳುವ ದಿಕ್ಕು ಹೊಂದಿದರೆ ಚಿಹ್ನೆಗಳೂ ಸರಿಯಿವೆ ಎಂದರ್ಥ.

ನೆಲದ ಸಂಪರ್ಕದ ವಿಷಯ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಹಳೆಯ ಗಜೀಬೊದಲ್ಲಿ ಮೂಲವಾಗಿ ಬರುವ ಓಡಿಇ ಎಂಬ ಭೌತ ಎಂಜಿನ್ (ಹಿಂದೆ ಹೇಳಿದ ಓಡಿಇ45ಕ್ಕೂ ಇದಕ್ಕೂ ಸಂಬಂಧವಿಲ್ಲ) ಸಂಪರ್ಕವನ್ನು ಪೂರ್ತಿ ಗಟ್ಟಿಯಾಗಿ ಲೆಕ್ಕ ಹಾಕುವುದಿಲ್ಲ. ಪ್ರತಿ ಹೆಜ್ಜೆಯಲ್ಲಿ ಎಷ್ಟು ದೋಷವನ್ನು ತಿದ್ದಬೇಕು, ನಿರ್ಬಂಧವು ಎಷ್ಟು ಮೆದುವಾಗಿರಬೇಕು ಎಂಬುದಕ್ಕೆ ಎರಡು ಪ್ಯಾರಾಮೀಟರ್‌ಗಳಿವೆ. ಅವುಗಳ ಪರಿಣಾಮವಾಗಿ ಚಕ್ರವು ನೆಲದೊಳಗೆ ಕೂದಲೆಳೆಯಷ್ಟು ಇಳಿದು ಏಳುತ್ತ, ವೇಗದ ಅಳತೆಯಲ್ಲಿ ಸಣ್ಣ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ವೇಗಕ್ಕೆ ದೊಡ್ಡ ಗೇನ್ ಇಟ್ಟ ನಿಯಂತ್ರಕ ಆ ನಡುಕವನ್ನು ನಿಜವೆಂದು ನಂಬಿ ಟಾರ್ಕ್ ಅನ್ನು ಅತ್ತಿತ್ತ ಜಗ್ಗುತ್ತದೆ. ಇಂಥಲ್ಲಿ ಗೇನ್ ಇಳಿಸುವ ಮುನ್ನ ಭೌತ ಎಂಜಿನ್‌ನ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ನೋಡಬೇಕು. ಹೆಜ್ಜೆ ಚಿಕ್ಕದಾದಂತೆ ನಡುಕವೂ ಚಿಕ್ಕದಾದರೆ ಅದು ಸಂಖ್ಯೆಗಳ ದೋಷ, ಯಂತ್ರದ್ದಲ್ಲ. ಅದಕ್ಕಾಗಿ ಒಳ್ಳೆಯ ನಿಯಂತ್ರಕವನ್ನು ದುರ್ಬಲಗೊಳಿಸುವುದು ಸರಿಯಲ್ಲ. ಹಳೆಯ ಗಜೀಬೊದ ಬೆಂಬಲ 2025ರ ಜನವರಿಗೆ ಮುಗಿದಿದೆ, ಹೊಸ ಗಜೀಬೊದಲ್ಲಿ ಮೂಲವಾಗಿ ಬರುವುದು ಡಾರ್ಟ್ ಎಂಬ ಬೇರೆ ಎಂಜಿನ್. ಆದ್ದರಿಂದ ಹಳೆಯದರಲ್ಲಿ ಹೊಂದಿಸಿಟ್ಟ ಸಂಪರ್ಕದ ಮೌಲ್ಯಗಳನ್ನು ಹೊಸದಕ್ಕೆ ಹಾಗೆಯೇ ಒಯ್ಯುವಂತಿಲ್ಲ.

ಕಾಯುವ ಜೋಡಣೆ ನಿಧಾನವಾಗುತ್ತದೆ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಅದು ನಿಜ. 5 ಮಿಲಿಸೆಕೆಂಡಿನ ಸ್ಯಾಂಪಲ್‌ಗೆ ಸಿಮ್ಯುಲೇಷನ್‌ನ ಪ್ರತಿ ಸೆಕೆಂಡಿಗೂ 200 ಕೊಡುಕೊಳ್ಳುವಿಕೆಗಳಾಗುತ್ತವೆ, ಪ್ರತಿಯೊಂದರಲ್ಲೂ ಒಬ್ಬರು ಸುಮ್ಮನೆ ಕಾಯುತ್ತಾರೆ. ಕ್ಯಾಮೆರಾದ ಚಿತ್ರವನ್ನೂ ಪ್ರತಿ ಸಲ ಕಳಿಸಿದರೆ ಇನ್ನೂ ನಿಧಾನ. ಸೆಕೆಂಡಿಗೆ 30 ಚಿತ್ರ ಕೊಡುವ ಕ್ಯಾಮೆರಾವನ್ನು ಅದರದೇ ಗತಿಯಲ್ಲಿ ಓದಿದರೆ ಸಾಕು. ಆದರೆ ಹತ್ತು ಸೆಕೆಂಡಿನ ಪ್ರಯೋಗಕ್ಕೆ ಗೋಡೆಯ ಗಡಿಯಾರದಲ್ಲಿ ಅರ್ಧ ನಿಮಿಷ ಹಿಡಿದರೂ ನನಗೆ ಚಿಂತೆಯಿಲ್ಲ, ಆ ಅರ್ಧ ನಿಮಿಷದ ಫಲಿತಾಂಶ ನಾಳೆಯೂ ಅದೇ ಆಗಿರುತ್ತದೆ.

ಬೇರೆ ದಾರಿಗಳೂ ಇವೆ. ಎಫ್‌ಎಂಐ ಎಂಬ ಮಾನದಂಡದಲ್ಲಿ ಒಂದು ತಂತ್ರಾಂಶದ ಮಾದರಿಯನ್ನು ಕಟ್ಟಿ ಇನ್ನೊಂದರೊಳಗೆ ಇಡಬಹುದು. 2010ರಲ್ಲಿ ಮೊದಲ ಆವೃತ್ತಿ, 2014ರಲ್ಲಿ ಎರಡನೆಯದು, 2022ರಲ್ಲಿ ಮೂರನೆಯದು ಬಂದಿವೆ, ಮತ್ತು ಅದರ ಕೋ-ಸಿಮ್ಯುಲೇಷನ್ ಭಾಗದಲ್ಲಿ ಹೆಜ್ಜೆ ಇಡು ಎಂಬ ಆದೇಶವನ್ನು ಒಬ್ಬ ಯಜಮಾನನೇ ಕೊಡುತ್ತಾನೆ. 2022ರಿಂದ ಮುಕ್ತ ತಂತ್ರಾಂಶವಾಗಿರುವ ಮುಜೋಕೋ ಎಂಬ ಭೌತ ಎಂಜಿನ್ ಒಂದು ಲೈಬ್ರರಿಯಾಗಿರುವುದರಿಂದ ಕರೆದಾಗಷ್ಟೇ ಹೆಜ್ಜೆ ಇಡುತ್ತದೆ, ಗಡಿಯಾರ ತಾನಾಗಿಯೇ ಕರೆಯುವವರ ಕೈಯಲ್ಲಿರುತ್ತದೆ. ಹೊಸದಾಗಿ ಆರಂಭಿಸುವವರಿಗೆ, ಸೆನ್ಸರ್‌ಗಳ ಅಗತ್ಯ ಕಡಿಮೆಯಿದ್ದರೆ, ನಾನು ಅದನ್ನೇ ಹೇಳುತ್ತೇನೆ.

ಜೋಡಣೆ ಸರಿಹೋದ ಮೇಲೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿದೆ. ಮೊದಲು ಬಿದ್ದಿದ್ದ ಅದೇ ಹಳೆಯ ಗೇನ್‌ಗಳನ್ನು ಹಾಕಿ, ಆದೇಶದ ಬದಿಯ ವಿಳಂಬವನ್ನು ಒಂದೊಂದೇ ಸ್ಯಾಂಪಲ್ ಹೆಚ್ಚಿಸುತ್ತ ಹೋದೆ. ಹಿಡಿದಿಡುವುದರ 2.5 ಮಿಲಿಸೆಕೆಂಡ್ ಸೇರಿಸಿದರೆ ಎಂಟು ಸ್ಯಾಂಪಲ್‌ಗೆ ಒಟ್ಟು 42.5, ಒಂಬತ್ತಕ್ಕೆ 47.5, ಲೆಕ್ಕದ ಗೆರೆ ಇದ್ದದ್ದು 43ರಲ್ಲಿ. ಆರರವರೆಗೆ ರೋಬೋಟ್ ತೂಗಾಡಿ ನಿಂತಿತು. ಎಂಟರಲ್ಲಿ ಒಂದೇ ಸಮನೆ ಹಿಂದೆ ಮುಂದೆ ಓಲಾಡುತ್ತಲೇ ಇತ್ತು, ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಒಂಬತ್ತರಲ್ಲಿ ಬಿದ್ದಿತು, ಮತ್ತೆ ಹತ್ತು ಸಲ ಓಡಿಸಿದಾಗಲೂ ಅದೇ ಕ್ಷಣದಲ್ಲಿ, ಅದೇ ದಿಕ್ಕಿಗೆ ಬಿದ್ದಿತು.